ದೊಡ್ಡಪತ್ರೆ ಇರಲಿ, ಡಾಕ್ಟರೂ ಇರಲಿ

ಮಗಾ, ಬಾವಿಕಟ್ಟೆ ಹತ್ತಿರ ಒಂದು ಬುಡ ದೊಡ್ಡಪತ್ರೆ ಇಲ್ಲದ ಮನೆ ನಮ್ಮ ಸಾಸ್ತಾನದಲ್ಲಿ ಕಡಿಮೆ. ಇರಬೇಕಾದದ್ದೇ. ಒಂದು ಎಲೆ ಬೆರಳಲ್ಲಿ ಉಜ್ಜಿ ಮೂಸಿ ನೋಡು. ಓಮದ ಘಾಟು ಬರುತ್ತದಲ್ಲ, ಅದು ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆಯಂಶಗಳದ್ದು. ಅವು ಬ್ಯಾಕ್ಟೀರಿಯಾದ ಹೊರಪೊರೆ ಸಡಿಲಿಸಿ ಒಳಗಿನದ್ದೆಲ್ಲ ಸೋರಿಹೋಗುವಂತೆ ಮಾಡುತ್ತವೆ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಈ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟರೆ, ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ಒಂದು ಬಳೆ ಕಾಣುತ್ತದೆ. ಅಜ್ಜಿಯಂದಿರು ಸುಮ್ಮನೆ ನಂಬಿದ್ದಲ್ಲ.

ಆದರೆ ತಟ್ಟೆಯೇ ಬೇರೆ, ಮೈಯೇ ಬೇರೆ. ಅಲ್ಲಿ ಇಟ್ಟದ್ದು ಬಟ್ಟಿ ಇಳಿಸಿದ ಎಣ್ಣೆ. ಹಸಿ ಎಲೆಯಲ್ಲಿ ಬಹುಪಾಲು ನೀರು. ಕಷಾಯವೆಂದು ತುಂಬಾ ಹೊತ್ತು ಕುದಿಸಿದರೆ ಇದ್ದ ಎಣ್ಣೆಯೂ ಆವಿಯ ಜೊತೆ ಹೋಗುತ್ತದೆ. ಅಡುಗೆಮನೆ ತುಂಬುವ ಆ ಘಮ ಅದೇ. ಚೀನಾದ ಟು ಯೂಯೂ ಎಂಬಾಕೆ ಒಂದು ಗಿಡದಿಂದ ಮಲೇರಿಯಾ ಮದ್ದು ತೆಗೆದದ್ದೂ ಕುದಿಸುವುದನ್ನು ಬಿಟ್ಟ ಮೇಲೆಯೇ. ಅದನ್ನು ಶುದ್ಧ ಮಾಡಿ, ಪ್ರಮಾಣ ಗೊತ್ತುಮಾಡಿ, ರೋಗಿಗಳಿಗೆ ಕೊಟ್ಟು ನೋಡಿದರು. 2015ರಲ್ಲಿ ಆಕೆಗೆ ನೊಬೆಲ್ ಬಂತು. ದೊಡ್ಡಪತ್ರೆ ಆ ದಾರಿಯನ್ನೆಲ್ಲ ನಡೆದಿಲ್ಲ.

ಶೀತಕ್ಕೆ, ಗಂಟಲ ಕೆರೆತಕ್ಕೆ ಎಲೆ ಬಾಡಿಸಿ ರಸ ಹಿಂಡು. ಇಲ್ಲವೇ ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಒಳ್ಳೆಮೆಣಸಿನ ಜೊತೆ ಹುರಿದು, ಕಾಯಿ ಹಾಕಿ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡು. ಬಾಯಿರುಚಿ ಕೆಟ್ಟಾಗ ಅದಕ್ಕಿಂತ ಹಿತ ಇನ್ನೊಂದಿಲ್ಲ. ವರ್ಷ ತುಂಬದ ಮಗುವಿಗೆ ಮಾತ್ರ ರಸಕ್ಕೆ ಜೇನು ಬೆರೆಸಿ ನೆಕ್ಕಿಸಬೇಡ.

ನನಗೆ ಹೆದರಿಕೆ ಇರುವುದು ಇಲಿಜ್ವರದ್ದು. ಮಳೆಗಾಲದಲ್ಲಿ ಇಲಿಯ ಮೂತ್ರ ಗದ್ದೆಯ ನೀರಿಗೆ ಸೇರುತ್ತದೆ. ಕಾಲಿನ ಸಣ್ಣ ಗಾಯ ಸಾಕು, ರೋಗಾಣು ಒಳಗೆ ಹೋಗಲಿಕ್ಕೆ. ಉಡುಪಿ ಜಿಲ್ಲೆಗೆ ಇದು ಹೊಸ ಕಾಯಿಲೆಯಲ್ಲ. ಜೋರು ಜ್ವರ, ಮೀನಖಂಡದಲ್ಲಿ ನೋವು, ಕೆಂಪಾದ ಕಣ್ಣು ಕಂಡರೆ ಕಷಾಯ ಕಾಯಿಸುತ್ತಾ ಕೂರಬೇಡ. ಬೇಗ ಆಸ್ಪತ್ರೆಗೆ ಹೋದರೆ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆಯಲ್ಲೇ ಸಾಮಾನ್ಯವಾಗಿ ಗುಣವಾಗುತ್ತದೆ. ತಡವಾದರೆ ಕಿಡ್ನಿ, ಲಿವರ್ ಎರಡಕ್ಕೂ ಪೆಟ್ಟು. ಹಾಗೆ ಲಿವರ್‌ಗೆ ಪೆಟ್ಟು ಬಿದ್ದು ಕಣ್ಣು ಹಳದಿಯಾದದ್ದೇ ಬರೀ ಕಾಮಾಲೆಯೆಂದು ನಾಟಿ ಮದ್ದು ಹುಡುಕಿಕೊಂಡು ಹೋಗುವವರು ಆ ಬೆಲೆಬಾಳುವ ದಿನಗಳನ್ನೇ ಕಳೆದುಕೊಳ್ಳುತ್ತಾರೆ.

ನಟ್ಟಿ ಮುಗಿಸಿ ಬಂದ ಮೇಲೆ ಜ್ವರ ಬಂತೋ, ಕೋಟದ್ದೋ ಬ್ರಹ್ಮಾವರದ್ದೋ, ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗು. ಗದ್ದೆಗೆ ಇಳಿದಿದ್ದೆ ಎಂಬುದನ್ನು ಡಾಕ್ಟರು ಕೇಳುವ ಮೊದಲೇ ನೀನಾಗಿ ಹೇಳು.