ದಯೆಗಿಂತ ಮೊದಲು ಸರಿಯಾದ ಕಡತ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ದತ್ತು ತೆಗೆದುಕೊಳ್ಳುವವರಿಗೆ ಆ ಅನುಕೂಲವಿಲ್ಲ. ಅದರಲ್ಲೂ ಹೊರದೇಶದವರು ಮಗುವನ್ನು ಒಮ್ಮೆಯೂ ಎತ್ತಿಕೊಳ್ಳದೆ ಹೂಂ ಅನ್ನಬೇಕು. ಅವರ ಕೈಗೆ ಬರುವುದು ಕೆಲವು ಫೋಟೊ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ಪರೀಕ್ಷಾ ವರದಿ, ಅಷ್ಟೇ. ಇಂಥ ಕಡತಗಳ ನಡುವೆ, ಅವನ್ನು ಓದಿ ಹೆದರಿದವರ ಮತ್ತು ಓದದೆಯೇ ಒಪ್ಪಿದವರ ನಡುವೆ ಕೆಲಸ ಮಾಡುತ್ತ ನನ್ನಲ್ಲಿ ಬಲವಾಗಿ ಉಳಿದ ಅಭಿಪ್ರಾಯ ಒಂದೇ. ವಿಶೇಷ ಅಗತ್ಯದ ಮಗು ಗಡಿ ದಾಟಿ ಇನ್ನೊಂದು ಮನೆ ಸೇರುವಾಗ ಅದನ್ನು ಕಾಯುವುದು ಆ ದಂಪತಿಯ ದಯೆಗಿಂತ ಹೆಚ್ಚಾಗಿ ಆ ಕಾಗದಗಳ ಪ್ರಾಮಾಣಿಕತೆ. ದಯೆ ಮೊದಲ ಆರು ತಿಂಗಳು ಸಾಕಾಗುತ್ತದೆ. ಆಮೇಲೆ ಬೇಕಾಗುವುದು ತಿಳಿವಳಿಕೆ.

ನಮ್ಮ ದೇಶದ ಲೆಕ್ಕವನ್ನೇ ನೋಡೋಣ. ಕೇಂದ್ರೀಯ ದತ್ತು ಪ್ರಾಧಿಕಾರ ‘ಕಾರಾ’ದ ಮೂಲಕ 2023-24ರಲ್ಲಿ ಒಟ್ಟು 4,009 ಮಕ್ಕಳು ದತ್ತು ಹೋದರು, ಅವರಲ್ಲಿ 449 ಮಕ್ಕಳು ಹೊರದೇಶಕ್ಕೆ. ಮಗುವಿಗಾಗಿ ಹೆಸರು ಬರೆಸಿ ಕಾದಿರುವ ಭಾರತೀಯ ದಂಪತಿಗಳು 30 ಸಾವಿರಕ್ಕೂ ಹೆಚ್ಚು. ಹಾಗಿದ್ದೂ ಸೆರೆಬ್ರಲ್ ಪಾಲ್ಸಿ ಇರುವ, ಹೃದಯದಲ್ಲಿ ದೋಷವಿರುವ, ಕಿವಿ ಕೇಳದ ಮಗು ಇಲ್ಲಿ ಮನೆ ಕಾಣುವುದು ಅಪರೂಪ. 2017ರ ದತ್ತು ನಿಯಮಾವಳಿ ಆರೋಗ್ಯವಂತ ಮಗುವಿಗೆ ದೇಶದೊಳಗೆ ಮನೆ ಹುಡುಕಲು 60 ದಿನ ಕೊಟ್ಟಿತು, ದೈಹಿಕ ಅಥವಾ ಮಾನಸಿಕ ತೊಂದರೆ ಇರುವ ಮಗುವಿಗೆ 15 ದಿನ. (ಹದಿನೈದು ದಿನದಲ್ಲಿ ನಮ್ಮಲ್ಲಿ ಜಾತಕ ಕೂಡಿಬರುವುದೂ ಕಷ್ಟ.) ಕಾಲ ವ್ಯರ್ಥವಾಗಬಾರದೆಂಬ ಉದ್ದೇಶ ಸರಿಯೇ. ಆದರೆ ‘ವಿಶೇಷ ಅಗತ್ಯ’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಒಂದೆರಡು ಶಸ್ತ್ರಚಿಕಿತ್ಸೆಯಲ್ಲಿ ಬಹುಮಟ್ಟಿಗೆ ಸರಿಹೋಗುವ ಸೀಳುತುಟಿಯೂ ಇದೆ, ಜೀವನಪೂರ್ತಿ ಆರೈಕೆ ಬೇಡುವ ಸ್ಥಿತಿಯೂ ಇದೆ. ಹಣೆಪಟ್ಟಿಯೇ ಮಗು ಹೋಗುವ ದಾರಿಯನ್ನು ಬದಲಿಸುವಾಗ ಕಡತಕ್ಕೆ ಎರಡು ಕಡೆಯ ಸೆಳೆತ ಹುಟ್ಟುತ್ತದೆ. ಬೇಗ ಹೊರಗೆ ಕಳಿಸಲು ತೊಂದರೆಯನ್ನು ಹಿಗ್ಗಿಸಿ ಬರೆಯುವ ಆಸೆ, ಬಂದ ದಂಪತಿ ಹಿಂದೆ ಸರಿಯದಂತೆ ಕುಗ್ಗಿಸಿ ಬರೆಯುವ ಆಸೆ.

ಇನ್ನೊಂದು ತೊಂದರೆ ಯಾವ ವೈದ್ಯಕೀಯ ವರದಿಯಲ್ಲೂ ಬರುವುದಿಲ್ಲ. ಅದು ಸಂಸ್ಥೆಯಲ್ಲಿ ಕಳೆದ ಕಾಲ. ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದ ಮೇಲೆ ರೊಮಾನಿಯಾದ ಅನಾಥಾಲಯಗಳಿಂದ ಬ್ರಿಟನ್‌ಗೆ ದತ್ತು ಹೋದ ಮಕ್ಕಳನ್ನು ಮಕ್ಕಳ ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು ಅನೇಕ ವರ್ಷ ಹಿಂಬಾಲಿಸಿದರು. ಆರು ತಿಂಗಳ ಒಳಗೆ ಮನೆ ಸೇರಿದವರು ಬಹುಮಟ್ಟಿಗೆ ಉಳಿದ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಹಲವರಿಗೆ ಗಮನ, ಒಡನಾಟ, ಬಾಂಧವ್ಯದ ತೊಂದರೆಗಳು ದೊಡ್ಡವರಾದ ಮೇಲೂ ಉಳಿದವು. ಅದೇ ದೇಶದ ಬುಕಾರೆಸ್ಟ್‌ನಲ್ಲಿ 136 ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನವೂ ಎರಡು ವರ್ಷದೊಳಗೆ ಕುಟುಂಬ ಸಿಕ್ಕವರ ಚೇತರಿಕೆ ಹೆಚ್ಚು ಎಂದೇ ಹೇಳಿತು. ಹಾಗಾದರೆ ಮೂರು ವರ್ಷ ತೊಟ್ಟಿಲುಗಳ ಸಾಲಿನಲ್ಲಿ ಬೆಳೆದ ಮಗುವಿಗೆ ಕೈಕಾಲು, ಕಣ್ಣು, ಕಿವಿ ಎಲ್ಲ ಸರಿಯಿದ್ದರೂ ಅದಕ್ಕೆ ವಿಶೇಷ ಅಗತ್ಯವಿದೆ. ಇದನ್ನು ಯಾರೂ ತಿಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. 2010ರಲ್ಲಿ ಅಮೆರಿಕದ ಒಬ್ಬ ದತ್ತುತಾಯಿ, ಅನಾಥಾಲಯದವರು ತನಗೆ ಸುಳ್ಳು ಹೇಳಿದ್ದರೆಂದು ಚೀಟಿ ಬರೆದು, ಏಳು ವರ್ಷದ ಹುಡುಗನನ್ನು ಒಂಟಿಯಾಗಿ ರಷ್ಯಾದ ವಿಮಾನ ಹತ್ತಿಸಿ ವಾಪಸು ಕಳಿಸಿದಳು. ಸಾಕಲಾರದ ದತ್ತು ಮಕ್ಕಳನ್ನು ಇಂಟರ್ನೆಟ್ ಗುಂಪುಗಳ ಮೂಲಕ ಅಪರಿಚಿತರಿಗೆ ದಾಟಿಸುವ ಅಮೆರಿಕದ ಕಳ್ಳದಾರಿಯನ್ನು 2013ರಲ್ಲಿ ರಾಯಿಟರ್ಸ್ ಬಯಲಿಗೆಳೆಯಿತು. ಅಲ್ಲಿ ಹೊರದೇಶದಿಂದ ಬಂದ ಮಕ್ಕಳೇ ಹೆಚ್ಚು. ಆ ಪೋಷಕರನ್ನು ಸಮರ್ಥಿಸುವ ಉದ್ದೇಶ ನನಗಿಲ್ಲ. ಆದರೆ ಕಟುಕರಾಗಿದ್ದುದರಿಂದಲೇ ಅವರೆಲ್ಲ ಹಾಗೆ ಮಾಡಿದರು ಎಂದು ಮುಗಿಸಿಬಿಟ್ಟರೆ ಮುಂದಿನ ಮಗುವಿಗೆ ಏನೂ ಉಪಯೋಗವಿಲ್ಲ.

ಎಲ್ಲವನ್ನೂ ಬರೆದರೆ ಯಾರು ಮುಂದೆ ಬರುತ್ತಾರೆ, ಮಗು ಸಂಸ್ಥೆಯಲ್ಲೇ ಉಳಿಯುತ್ತದಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಮಗುವಿಗೆ ಮನೆ ತಪ್ಪಿಸುವುದು ಎಷ್ಟೋ ಸಲ ಅರೆಬರೆ ಮಾಹಿತಿ. ಎಚ್‌ಐವಿ ಇರುವ ತಾಯಿಗೆ ಹುಟ್ಟಿದ ಕೂಸಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ಒಂದೂವರೆ ವರ್ಷದವರೆಗೂ ಇರಬಲ್ಲವು. ನಾಲ್ಕು ತಿಂಗಳಲ್ಲಿ ಬರೀ ಪ್ರತಿಕಾಯದ ಪರೀಕ್ಷೆ ಮಾಡಿ ‘ಪಾಸಿಟಿವ್’ ಎಂದು ಬರೆದಿಟ್ಟರೆ ಸೋಂಕೇ ಇಲ್ಲದ ಮಗುವೂ ಸೋಂಕಿನ ಪಟ್ಟಿಗೆ ಬೀಳುತ್ತದೆ. ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿದರೆ ಕಥೆಯೇ ಬೇರೆ. ದಿನ ತುಂಬದೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ದಿನ ತುಂಬಿದ ಮಗುವಿನ ಅಳತೆಯಲ್ಲಿ ನೋಡಿ ‘ಬುದ್ಧಿ ಬೆಳವಣಿಗೆ ಕುಂಠಿತ’ ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಎಲ್ಲೋ ಬಿಟ್ಟುಹೋದ ಮಗುವಿನ ಹುಟ್ಟಿದ ದಿನವೇ ಒಂದು ಅಂದಾಜು ಎಂಬುದನ್ನು ಕಡತ ಹೇಳಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯಬೇಕು. ಹಾಗೆಯೇ ಮಗು ಏನು ಮಾಡಬಲ್ಲದು, ಯಾರನ್ನು ಗುರುತಿಸಿ ನಗುತ್ತದೆ, ಎಷ್ಟು ಹೊತ್ತು ಹಿಡಿದುಕೊಂಡು ನಿಲ್ಲುತ್ತದೆ ಎಂಬುದೂ ಅಷ್ಟೇ ವಿವರವಾಗಿ ಬರಬೇಕು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1986ರಲ್ಲೇ ಅಂತರದೇಶೀಯ ದತ್ತು ಮಕ್ಕಳಿಗೆಂದೇ ಚಿಕಿತ್ಸಾಲಯ ತೆರೆದರು. ಇಂಥ ಕಡತ ಓದುವುದು ಅಲ್ಲಿ ಒಂದು ಪರಿಣತಿ. ಓದಬಲ್ಲವರಿರುವಾಗ ಮುಚ್ಚಿಡುವುದರಿಂದ ಯಾರಿಗೆ ಲಾಭ?

ನಮ್ಮ ಮಕ್ಕಳು ನಮ್ಮಲ್ಲೇ ಬೆಳೆಯಲಿ ಎಂಬ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಅಂತರದೇಶೀಯ ದತ್ತಿನ ಬಗೆಗಿನ ಹೇಗ್ ಒಪ್ಪಂದದ ಕ್ರಮವೂ ಅದೇ: ಮೊದಲು ಹುಟ್ಟಿದ ಮನೆ, ಆಮೇಲೆ ಹುಟ್ಟಿದ ದೇಶ, ಕೊನೆಗೆ ಹೊರದೇಶ. ಆದರೆ ವಿದೇಶಿ ದಂಪತಿಗಳ ಹೃದಯ ದೊಡ್ಡದು, ನಮ್ಮವರದ್ದು ಚಿಕ್ಕದು ಎಂಬ ವಿವರಣೆ ನನಗೆ ಒಪ್ಪಿಗೆಯಾಗದು. ಅಮೆರಿಕದಲ್ಲಿ 1975ರ ಕಾಯ್ದೆಯ ನಂತರ ಅಂಗವಿಕಲ ಮಗುವಿಗೆ ತಕ್ಕ ಶಿಕ್ಷಣವನ್ನು ಉಚಿತವಾಗಿ ಕೊಡುವುದು ಸರ್ಕಾರಿ ಶಾಲೆಯ ಹೊಣೆ. ಸ್ಪೀಚ್ ಥೆರಪಿ, ಫಿಸಿಯೋಥೆರಪಿ ಶಾಲೆಯಲ್ಲೇ ಸಿಗುತ್ತವೆ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಾಗದದ ಮೇಲೆ ಬಹಳ ಕೊಟ್ಟಿದೆ. ಆದರೆ ಹಳ್ಳಿಯಿಂದ ಥೆರಪಿಗೆ ವಾರಕ್ಕೆರಡು ಸಲ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಬೇಕಾದ ತಾಯಿಗೆ ಅದರಲ್ಲಿ ಎಷ್ಟು ದಕ್ಕುತ್ತದೆ? ಇಂಥ ಮಕ್ಕಳಿಗೆ ಸಿಗುವ ಸರ್ಕಾರದ ‘ನಿರಾಮಯ’ ಆರೋಗ್ಯ ವಿಮೆಯ ಮಿತಿ 1 ಲಕ್ಷ ರೂಪಾಯಿ. ಈ ಅಂತರ ಕಂಡೇ ನಮ್ಮ ದಂಪತಿಗಳು ಹಿಂಜರಿಯುತ್ತಾರೆ. ಅದನ್ನು ನಿರ್ದಯೆ ಎನ್ನಲು ನನಗೆ ಬಾಯಿ ಬಾರದು.

ಇಷ್ಟೆಲ್ಲ ಗೋಜಲಿದ್ದರೆ ಹೊರದೇಶದ ದತ್ತನ್ನೇ ನಿಲ್ಲಿಸಿಬಿಡಿ ಎನ್ನುವವರ ಬಳಿ ಬಲವಾದ ಆಧಾರವಿದೆ. ಸುಮಾರು 2 ಲಕ್ಷ ಮಕ್ಕಳನ್ನು ಹೊರಗೆ ಕಳಿಸಿದ ದಕ್ಷಿಣ ಕೊರಿಯಾದಲ್ಲಿ ದಾಖಲೆಗಳನ್ನು ತಿದ್ದಿದ್ದು, ಗುರುತು ಅದಲುಬದಲು ಮಾಡಿದ್ದು ನಿಜ ಎಂದು ಅಲ್ಲಿನ ಸತ್ಯಶೋಧನಾ ಆಯೋಗವೇ 2025ರಲ್ಲಿ ಒಪ್ಪಿತು. ಚೀನಾ 2024ರಲ್ಲಿ, ಹತ್ತಿರದ ರಕ್ತಸಂಬಂಧಿಗಳನ್ನು ಬಿಟ್ಟು ಉಳಿದ ವಿದೇಶಿಯರಿಗೆ ಬಾಗಿಲು ಮುಚ್ಚಿತು. ಆದರೆ ಕೊನೆಯ ವರ್ಷಗಳಲ್ಲಿ ಚೀನಾದಿಂದ ಹೋಗುತ್ತಿದ್ದವರು ಬಹುಪಾಲು ವಿಶೇಷ ಅಗತ್ಯದ ಮಕ್ಕಳು. ಮನೆ ಗೊತ್ತಾಗಿದ್ದ ನೂರಾರು ಮಕ್ಕಳು ಸಂಸ್ಥೆಗಳಲ್ಲೇ ಉಳಿದರು. ಕೊರಿಯಾದ ಪಾಠ ನಿಷೇಧಕ್ಕಿಂತ ಹೆಚ್ಚಾಗಿ ಕಡತದ್ದು. ಆ ಕಡತ ನಮ್ಮಲ್ಲಿ ಬೇಗ ಮುಚ್ಚಿಹೋಗುತ್ತದೆ: ನಮ್ಮ ನಿಯಮದಂತೆ ಹೊರದೇಶಕ್ಕೆ ಹೋದ ಮಗುವಿನ ವರದಿ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಬರುತ್ತದೆ, ಅಲ್ಲಿಗೆ ಮುಗಿಯಿತು. ಮೂರನೆಯ ವಯಸ್ಸಿಗೆ ಹೋದ ಮಗುವಿನ ಕಲಿಕೆಯ ತೊಂದರೆ ಶಾಲೆಯಲ್ಲಿ ಗೋಚರಿಸುವ ಹೊತ್ತಿಗೆ ವರದಿ ಕೇಳುವವರೇ ಇರುವುದಿಲ್ಲ. ವಿಶೇಷ ಅಗತ್ಯದ ಮಕ್ಕಳ ಮಟ್ಟಿಗಾದರೂ ಈ ಅವಧಿ ಪ್ರೌಢಶಾಲೆಯವರೆಗೆ, ವರ್ಷಕ್ಕೊಂದು ವರದಿಯಂತೆ, ಮುಂದುವರಿಯಬೇಕು. ಹದಿನೆಂಟು ದಾಟಿದ ಮೇಲೆ ತಮ್ಮ ಮೂಲ ಹುಡುಕಲು ಅರ್ಜಿ ಹಾಕುವ ಹಕ್ಕು ಈ ಮಕ್ಕಳಿಗಿದೆ. ಆದ್ದರಿಂದ ಮಗು ಸಿಕ್ಕಿದ ದಿನದ ಪೊಲೀಸ್ ದಾಖಲೆ, ಮೊದಲ ಆಸ್ಪತ್ರೆಯ ಚೀಟಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶಗಳ ಮೂಲಪ್ರತಿಯನ್ನು ನಾಳೆ ಮುಚ್ಚಿಹೋಗಬಹುದಾದ ಸಂಸ್ಥೆಯ ಬೀರುವಿಗೆ ಬಿಡದೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೇ ಕಾಪಾಡಿ ಇಡಬೇಕು.