ತೆಗೆದಷ್ಟೂ ಮರಳುವ ಮಾಲ್‌ವೇರ್: ಬೇರುಸಹಿತ ಕೀಳುವುದು ಹೇಗೆ?

ಆಂಟಿವೈರಸ್ ‘ತೆಗೆದುಹಾಕಿದ್ದೇನೆ’ ಎನ್ನುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದಂತೆ ಅದೇ ಮಾಲ್‌ವೇರ್ ಮತ್ತೆ ಹಾಜರ್! ಜೇಕಿನ ಹುಲ್ಲು ಕಿತ್ತರೂ ಗಡ್ಡೆ ಮಣ್ಣಲ್ಲೇ ಉಳಿದರೆ ಚಿಗುರದೆ ಇರುತ್ತದೆಯೇ? ಇಲ್ಲಿಯೂ ಅಳಿಸಿದ್ದು ಕಣ್ಣಿಗೆ ಬಿದ್ದ ಫೈಲನ್ನು ಮಾತ್ರ. ಅದನ್ನು ಮತ್ತೆ ಕರೆತರುವ ಏರ್ಪಾಡು ಒಳಗೇ ಇದೆ. ಆ ಏರ್ಪಾಡು ಹೆಚ್ಚಾಗಿ ಅಡಗುವ ಜಾಗಗಳು ಇವು: ಸ್ಟಾರ್ಟ್‌ಅಪ್ ಪಟ್ಟಿ, ಟಾಸ್ಕ್ ಶೆಡ್ಯೂಲರ್, ಬ್ರೌಸರ್, ಪೆನ್‌ಡ್ರೈವ್. ವಿಂಡೋಸ್ 10 ಮತ್ತು 11ರಲ್ಲಿ ಇವನ್ನು ಒಂದೊಂದಾಗಿ ಮುಚ್ಚುವ ಕ್ರಮ ಇಲ್ಲಿದೆ. ಬೇಕಾದ ತಂತ್ರಾಂಶಗಳೆಲ್ಲ ಉಚಿತ.

ಹಂತ 1: ನಿಜಕ್ಕೂ ವೈರಸ್ಸೇ?
ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಸಂದೇಶ ಪದೇ ಪದೇ ಬರುತ್ತಿದ್ದರೆ, ಅದು ಯಾವುದೋ ಜಾಲತಾಣಕ್ಕೆ ನೀವು ಕೊಟ್ಟ ‘ಅಲೋ’ ಅನುಮತಿಯ ಫಲವಿರಬಹುದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಅಪರಿಚಿತ ಹೆಸರುಗಳನ್ನೆಲ್ಲ ತೆಗೆಯಿರಿ. ಕಾಟ ಅಲ್ಲಿಗೇ ನಿಂತರೆ ಹಂತ 3ರ ಸ್ಕ್ಯಾನ್ ಒಂದನ್ನು ಮಾಡಿದರೆ ಸಾಕು. ಸಂದೇಶದಲ್ಲಿರುವ ಫೋನ್ ನಂಬರಿಗೆ ಮಾತ್ರ ಕರೆ ಮಾಡಲೇಬೇಡಿ.

ಹಂತ 2: ವೈ-ಫೈ ತೆಗೆಯಿರಿ, ಕಡತ ಉಳಿಸಿ
ಇಂಟರ್ನೆಟ್ ಇರುವವರೆಗೆ ಮಾಲ್‌ವೇರ್ ನಿಮ್ಮ ಮಾಹಿತಿಯನ್ನು ಹೊರಗೆ ಕಳಿಸಬಹುದು, ತನ್ನ ಹೊಸ ಭಾಗಗಳನ್ನು ಒಳಗೆ ತರಿಸಿಕೊಳ್ಳಬಹುದು. ಆದ್ದರಿಂದ ಮೊದಲು ಸಂಪರ್ಕ ಕಡಿಯಿರಿ. ಆಮೇಲೆ ಫೋಟೊ, ದಾಖಲೆಗಳನ್ನು ಹೊರಗಿನ ಡ್ರೈವ್‌ಗೆ ಕಾಪಿ ಮಾಡಿ. ಪ್ರೋಗ್ರಾಮ್‌ಗಳನ್ನೂ ಇನ್‌ಸ್ಟಾಲ್ ಮಾಡುವ ಫೈಲ್‌ಗಳನ್ನೂ ಕಾಪಿ ಮಾಡಬೇಡಿ. ಆ ಡ್ರೈವ್‌ಗೂ ಸೋಂಕು ತಗುಲಿದೆ ಎಂದೇ ಭಾವಿಸಿ, ಸ್ಕ್ಯಾನ್ ಆಗುವವರೆಗೆ ಬೇರೆ ಕಂಪ್ಯೂಟರಿಗೆ ಹಾಕಬೇಡಿ.

ಫೈಲ್‌ಗಳ ಹೆಸರು ಬದಲಾಗಿ, ಬಿಡಿಸಲು ಹಣ ಕೊಡಿ ಎಂಬ ಪತ್ರ ಕಂಡರೆ ಅದು ರ‍್ಯಾನ್ಸಮ್‌ವೇರ್. ಏನನ್ನೂ ಅಳಿಸಬೇಡಿ. ನೆದರ್‌ಲೆಂಡ್ಸ್ ಪೊಲೀಸರು ಮತ್ತು ಯೂರೋಪೋಲ್ 2016ರಲ್ಲಿ ಭದ್ರತಾ ಕಂಪನಿಗಳ ಜೊತೆಗೂಡಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಉಚಿತ ಬಿಡಿಸುವ ಕೀಲಿ ಇದೆಯೇ ಎಂದು ಇನ್ನೊಂದು ಕಂಪ್ಯೂಟರಿನಿಂದ ನೋಡಿ.

ಹಂತ 3: ಕಾವಲುಗಾರನ ಕಟ್ಟು ಬಿಚ್ಚಿ
ಹೆಚ್ಚಿನವರು ಎಡವುವುದು ಇಲ್ಲೇ. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗಿರುವ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ ನೋಡಿ. ‘ಈ ಫೋಲ್ಡರನ್ನು ಪರೀಕ್ಷಿಸಬೇಡ’ ಎಂದು ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ಗೆ ಹೇಳಿಟ್ಟ ಜಾಗವದು. ಎಷ್ಟೋ ಮಾಲ್‌ವೇರ್‌ಗಳು ತಮ್ಮ ಫೋಲ್ಡರಿನ ಹೆಸರನ್ನು ಸದ್ದಿಲ್ಲದೆ ಅಲ್ಲಿ ಸೇರಿಸಿಬಿಡುತ್ತವೆ. ಆಮೇಲೆ ಎಷ್ಟು ಸ್ಕ್ಯಾನ್ ಮಾಡಿದರೂ ‘ಎಲ್ಲ ಸರಿಯಿದೆ’ ಎಂದೇ ಉತ್ತರ. ನೀವು ಸೇರಿಸದ ಸಾಲುಗಳನ್ನೆಲ್ಲ ತೆಗೆಯಿರಿ. ಅದೇ ಪುಟದಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಮಾಡಿ.

ಈಗ ಸ್ವಲ್ಪ ಹೊತ್ತು ಇಂಟರ್ನೆಟ್ ಕೊಟ್ಟು ಡಿಫೆಂಡರ್ ಅಪ್‌ಡೇಟ್ ಮಾಡಿ, ಮತ್ತೆ ಸಂಪರ್ಕ ಕಡಿಯಿರಿ. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ವಿಂಡೋಸ್ ಜೊತೆ ಎದ್ದು ಬಚ್ಚಿಟ್ಟುಕೊಳ್ಳುವ ಮಾಲ್‌ವೇರ್‌ಗೆ ಆಗ ಏಳಲು ಅವಕಾಶವೇ ಇರುವುದಿಲ್ಲ. ಆಮೇಲೆ ಫುಲ್ ಸ್ಕ್ಯಾನ್ ಮಾಡಿ; ಅದಕ್ಕೆ ಕೆಲವು ಗಂಟೆ ಹಿಡಿದೀತು.

ಹಂತ 4: ಕರೆತರುವವರನ್ನು ಹುಡುಕಿ
ಮೈಕ್ರೋಸಾಫ್ಟ್‌ನದೇ ಆದ ‘ಆಟೋರನ್ಸ್’ ಎಂಬ ಪುಟ್ಟ ತಂತ್ರಾಂಶವನ್ನು ಶುದ್ಧ ಕಂಪ್ಯೂಟರೊಂದರಲ್ಲಿ ಡೌನ್‌ಲೋಡ್ ಮಾಡಿ ತನ್ನಿ. ವಿಂಡೋಸ್ ತಾನಾಗಿ ಶುರು ಮಾಡುವ ಎಲ್ಲವನ್ನೂ ಅದು ಒಂದೇ ಕಡೆ ತೋರಿಸುತ್ತದೆ. ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್ ಸಾಲುಗಳನ್ನು ಮರೆಮಾಡಿದರೆ ಪಟ್ಟಿ ಚಿಕ್ಕದಾಗುತ್ತದೆ. ‘ಲಾಗಾನ್’ ಮತ್ತು ‘ಶೆಡ್ಯೂಲ್ಡ್ ಟಾಸ್ಕ್ಸ್’ ವಿಭಾಗಗಳನ್ನು ನಿಧಾನವಾಗಿ ಓದಿ. ಅರ್ಥವಿಲ್ಲದ ಅಕ್ಷರಗಳ ಹೆಸರು, ತಯಾರಕರ ಹೆಸರೇ ಇಲ್ಲದ ಸಾಲು, ಟೆಂಪ್ ಅಥವಾ ಆ್ಯಪ್‌ಡೇಟಾ ಫೋಲ್ಡರಿನಿಂದ ಓಡುವ ಫೈಲ್: ಅನುಮಾನಕ್ಕೆ ಇಷ್ಟು ಸಾಕು. ಅಳಿಸುವ ಅವಸರ ಬೇಡ, ಆ ಸಾಲಿನ ಮುಂದಿರುವ ಟಿಕ್ ಗುರುತು ತೆಗೆಯಿರಿ. ತಪ್ಪಾಗಿದ್ದರೆ ಮತ್ತೆ ಟಿಕ್ ಹಾಕಬಹುದು.

ಮಾಲ್‌ವೇರೇ ಎಂದು ಖಚಿತವಾದ ಮೇಲೆ ಅಳಿಸಹೊರಟರೆ ‘ಫೈಲ್ ಬಳಕೆಯಲ್ಲಿದೆ’ ಎಂದು ಹಟ ಹಿಡಿಯುವ ಫೈಲನ್ನು ಸೇಫ್ ಮೋಡ್‌ನಲ್ಲಿ ಅಳಿಸಿ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ 4 ಒತ್ತಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಕೀ ಕೇಳಬಹುದು, ಮೊದಲೇ ಬರೆದಿಟ್ಟುಕೊಳ್ಳಿ.

ಹಂತ 5: ಬ್ರೌಸರ್, ಪೆನ್‌ಡ್ರೈವ್
ಗೊತ್ತಿಲ್ಲದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದು ಬ್ರೌಸರನ್ನು ರೀಸೆಟ್ ಮಾಡಿ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಡಬಲ್ ಕ್ಲಿಕ್ ಮಾಡಬೇಡಿ. ಮಾಡಿದರೆ ಫೋಲ್ಡರ್ ಜೊತೆ ಮಾಲ್‌ವೇರೂ ತೆರೆಯುತ್ತದೆ. ನಿಜವಾದ ಕಡತಗಳು ಸಾಮಾನ್ಯವಾಗಿ ಅಲ್ಲೇ ಮರೆಯಾಗಿರುತ್ತವೆ. ಡ್ರೈವನ್ನು ಸ್ಕ್ಯಾನ್ ಮಾಡಿ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಮತ್ತು ಸಿಸ್ಟಮ್ ಫೈಲ್‌ಗಳನ್ನು ತೋರಿಸಲು ಹೇಳಿ, ಬೇಕಾದ್ದನ್ನು ಕಾಪಿ ಮಾಡಿಕೊಂಡು ಡ್ರೈವ್ ಫಾರ್ಮ್ಯಾಟ್ ಮಾಡಿ.

ಹಂತ 6: ಪಾಸ್‌ವರ್ಡ್
ಪಾಸ್‌ವರ್ಡುಗಳನ್ನು ಸೋಂಕಿಲ್ಲದ ಇನ್ನೊಂದು ಸಾಧನದಿಂದಲೇ ಬದಲಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಪಾಸ್‌ವರ್ಡ್ ಇಲ್ಲದೆಯೂ ಖಾತೆಯೊಳಗೆ ನುಗ್ಗಲು ಬ್ರೌಸರಿನ ಕುಕೀ ಕದ್ದರೆ ಸಾಕಾಗುವುದರಿಂದ, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 7: ಮತ್ತೆ ಬಂದರೆ
ಇಷ್ಟಾದರೂ ಮರಳಿದರೆ ಗುದ್ದಾಟ ನಿಲ್ಲಿಸಿ. ಶುದ್ಧ ಕಂಪ್ಯೂಟರಿನಲ್ಲಿ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ವಿಂಡೋಸ್ ಇಳಿಸಿ, ಹೊಸದಾಗಿ ಹಾಕಿ. ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿದರೆ ಡಿ, ಇ ಡ್ರೈವ್‌ಗಳ ಕಡತ ಉಳಿಯುತ್ತದೆ. ಅವನ್ನು ತೆರೆಯುವ ಮೊದಲು ಸ್ಕ್ಯಾನ್ ಮಾಡಿ. ವಿಂಡೋಸ್ 10ರ ಸಾಮಾನ್ಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರಕ್ಕೆ ತಾಕತ್ತಿದ್ದರೆ 11ನ್ನೇ ಹಾಕಿ. ಹಾಕಿದ ಮೇಲೆ ಕ್ರ್ಯಾಕ್ ಮಾಡಿದ ಆಫೀಸ್, ಪುಕ್ಕಟೆ ಆ್ಯಕ್ಟಿವೇಟರ್‌ಗಳ ಸಹವಾಸ ಬೇಡ. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದು ಕೇಳುವ ತಂತ್ರಾಂಶಕ್ಕೆ ಒಪ್ಪಿದರೆ ಮತ್ತೆ ಹಂತ 1ರಿಂದ ಶುರು ಮಾಡಬೇಕಾದೀತು.