ಲೆಕ್ಕ, ಎಣಿಕೆ, ಶಿಸ್ತು: ‘ಕ್ಯಾಲ್ಕ್ಯುಲೇಟ್’ ಪದದ ಕನ್ನಡ ನೆಲೆಗಳು

ಇಂಗ್ಲಿಷಿನ ‘ಕ್ಯಾಲ್ಕ್ಯುಲೇಟ್’ ಪದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಕೊಡುವ ಅರ್ಥ ‘ಲೆಕ್ಕ ಹಾಕು’. ಶಾಲೆಯ ಗಣಿತಕ್ಕೆ ಇಷ್ಟು ಸಾಕು. ಶಾಸನ, ಕಂದಾಯದ ದಾಖಲೆ ಹಾಗೂ ರೈತ ಹೋರಾಟದ ಬರಹಗಳನ್ನು ಓದುವವರಿಗೆ ಸಾಲದು. ಯಾವ ಅಳತೆಯಿಂದ ಎಣಿಸಲಾಯಿತು, ಆ ಅಳತೆ ಯಾರ ಕೈಯಲ್ಲಿತ್ತು ಎಂಬುದೂ ಲೆಕ್ಕದ ಅರ್ಥದೊಳಗೆ ಸೇರಿದೆ. ಇದನ್ನು ಶಿಕಾರಿಪುರ, ಸೊರಬ ತಾಲ್ಲೂಕುಗಳು ಹಾಗೂ ಅವುಗಳ ನೆರೆಯ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಕ್ಯಾಲ್ಕ್ಯುಲೇಟ್’ ಪದದ ಮೂಲ ಲ್ಯಾಟಿನ್ನಿನ ‘ಕ್ಯಾಲ್ಕ್ಯುಲಸ್’. ಅಂದರೆ ಎಣಿಕೆಗೆ ಬಳಸುತ್ತಿದ್ದ ಸಣ್ಣ ಕಲ್ಲು. ಕನ್ನಡದ ‘ಲೆಕ್ಕ’ವು ಸಂಸ್ಕೃತದ ‘ಲೇಖ್ಯ’ದಿಂದ ಪ್ರಾಕೃತದ ಮೂಲಕ ಬಂದದ್ದು, ಅದರ ಒಡಲಲ್ಲಿರುವುದು ಬರಹ. ‘ಎಣಿಸು’ ದ್ರಾವಿಡ ಮೂಲದ್ದು. ತಮಿಳಿನ ‘ಎಣ್’ ಸಂಖ್ಯೆಯನ್ನೂ ಆಲೋಚನೆಯನ್ನೂ ಸೂಚಿಸುವಂತೆ ಕನ್ನಡದ ‘ಎಣಿಸು’ ಕ್ರಿಯೆಗೂ ಲೆಕ್ಕಮಾಡು, ಭಾವಿಸು ಎಂಬ ಎರಡು ಅರ್ಥಗಳಿವೆ. ಅಮೆರಿಕದ ಆಡುಮಾತಿನಲ್ಲಿ ‘ಕ್ಯಾಲ್ಕ್ಯುಲೇಟ್’ ಪದವೂ ‘ಭಾವಿಸು’ ಎಂಬ ಅರ್ಥದಲ್ಲಿ ಬಳಕೆಯಾಗಿದೆ. ಆದ್ದರಿಂದ ಎಣಿಕೆ ಮತ್ತು ಎಣಿಸುವಿಕೆಗಳ ಈ ನಂಟು ಕನ್ನಡಕ್ಕಷ್ಟೇ ಸೀಮಿತವಲ್ಲ.

ಬಳಕೆಯಲ್ಲಿ ಈ ಪದಗಳು ಮನ್ನಣೆಯ ಪದಗಳೂ ಆಗಿವೆ. ‘ಗಣನೆಗೆ ತೆಗೆದುಕೊಳ್ಳು’ ಎಂದರೆ ಬೆಲೆ ಕೊಡು; ‘ಲೆಕ್ಕಕ್ಕಿಲ್ಲದವನು’ ಎಂದರೆ ಬೆಲೆಯಿಲ್ಲದವನು. ‘ಲೆಕ್ಕಿಸು’ ಎಂಬುದು ಇಂದು ಹೆಚ್ಚಾಗಿ ‘ಲೆಕ್ಕಿಸದೆ’ ಎಂಬ ನಿಷೇಧರೂಪದಲ್ಲಿಯೇ ಕಾಣಿಸುತ್ತದೆ. ‘ಲೆಕ್ಕಾಚಾರದ ಮನುಷ್ಯ’ ಎಂಬಲ್ಲಿ ಸ್ವಾರ್ಥದ ಸೂಚನೆಯಿದ್ದು, ಅದು ಇಂಗ್ಲಿಷಿನ ‘ಕ್ಯಾಲ್ಕ್ಯುಲೇಟಿಂಗ್’ ಪದಕ್ಕೆ ಸಮೀಪವಾಗಿದೆ.

ಇನ್ನು ಅಳತೆಯ ಪ್ರಶ್ನೆ. ಶಿಕಾರಿಪುರ ತಾಲ್ಲೂಕಿನ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿಯೂ (1902), ಸೊರಬದವು 8ನೆಯ ಸಂಪುಟದಲ್ಲಿಯೂ (1904) ಪ್ರಕಟವಾದವು. ಇವುಗಳ ದಾನವಿವರಗಳಲ್ಲಿ ಮತ್ತರು, ಕಮ್ಮ, ಗದ್ಯಾಣ, ಪಣಗಳು ಮತ್ತೆ ಮತ್ತೆ ಬರುತ್ತವೆ. ಆದರೆ ಮತ್ತರಿನ ವಿಸ್ತಾರವು ಅಳೆಯುವ ಗಳೆಯನ್ನು ಅವಲಂಬಿಸಿತ್ತು. 1047ರಲ್ಲಿ ಗಂಡಭೇರುಂಡ ಸ್ತಂಭ ಸ್ಥಾಪನೆಗೊಂಡ ಬಳ್ಳಿಗಾವೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ಯನ್ನು ಹೆಸರಿಸಿಯೇ ಭೂಮಿಯನ್ನು ಅಳೆದಿರುವುದು ಈ ದೃಷ್ಟಿಯಿಂದ ಗಮನಾರ್ಹ. ಗಳೆಯನ್ನು ಹೇಳದ ಲೆಕ್ಕ ಅಪೂರ್ಣವೆಂಬ ಅರಿವು ಇಲ್ಲಿದೆ.

ಮುಂದೆ ಈ ಪ್ರದೇಶವು ಕೆಳದಿ ಅರಸರ ಆಳ್ವಿಕೆಗೆ ಒಳಪಟ್ಟಿತು. 17ನೆಯ ಶತಮಾನದ ಶಿವಪ್ಪನಾಯಕನ ಕಂದಾಯ ನಿರ್ಧಾರ ‘ಶಿಸ್ತು’ ಎಂದೇ ಪ್ರಸಿದ್ಧ. ಬಗೆಬಗೆಯ ನೆಲಗಳಲ್ಲಿ ಹನ್ನೆರಡು ವರ್ಷ ಬೇಸಾಯ ಮಾಡಿಸಿ, ಬೀಜ, ಖರ್ಚು, ಇಳುವರಿಗಳನ್ನು ಬರೆದಿರಿಸಿ ತೆರಿಗೆಯನ್ನು ಗೊತ್ತುಪಡಿಸಿದನೆಂಬ ಹೇಳಿಕೆಯಿದೆ. ಇಂದು ‘ಶಿಸ್ತು’ ಎಂದರೆ ನಮಗೆ ನಡತೆಯ ಕಟ್ಟುಪಾಡು ಮಾತ್ರ; ಲೆಕ್ಕದ ಅರ್ಥ ಮರೆಗೆ ಸರಿದಿದೆ.

ಅಳತೆ ಕೈತಪ್ಪಿದರೆ ಲೆಕ್ಕ ಏನಾಗುತ್ತದೆ ಎಂಬುದನ್ನು ಸೊರಬದ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹ ತೋರಿಸುತ್ತದೆ. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿ ವಿವಾದದ ಮುಖ್ಯ ಅಂಶಗಳಲ್ಲೊಂದಾಗಿತ್ತು. ಕೊಳಗಗಳ ಸಂಖ್ಯೆ ಅಷ್ಟೇ ಇದ್ದರೂ ಕೊಳಗ ದೊಡ್ಡದಾದರೆ ಗೇಣಿದಾರನ ಪಾಲು ಕಿರಿದಾಗುತ್ತದೆ. ಕೂಡುವಿಕೆಯಲ್ಲಿ ತಪ್ಪಿಲ್ಲ, ಅನ್ಯಾಯವಿರುವುದು ಅಳತೆಯಲ್ಲಿ.

ಹೀಗಾಗಿ ‘ಕ್ಯಾಲ್ಕ್ಯುಲೇಟ್’ ಪದಕ್ಕೆ ಒಂದೇ ಸಮಾನಪದವನ್ನು ನಿಗದಿಪಡಿಸುವುದು ಸಮಂಜಸವಲ್ಲ. ಎಣಿಸು, ಗಣಿಸು, ಲೆಕ್ಕಿಸು, ಅಳೆ ಎಂಬ ಕ್ರಿಯೆಗಳನ್ನೂ, ‘ಶಿಸ್ತು’ ಪದದ ಹಳೆಯ ಅರ್ಥವನ್ನೂ ನಿಘಂಟುಗಳು ಪ್ರಯೋಗ ಸಹಿತ ದಾಖಲಿಸಬೇಕಾಗಿದೆ. ಇಲ್ಲವಾದಲ್ಲಿ ಶಾಸನದ ಮತ್ತರನ್ನೂ ಗೇಣಿಯ ಕೊಳಗವನ್ನೂ ನಾವು ಬರಿಯ ಅಂಕಿಗಳಾಗಿ ಓದುತ್ತೇವೆ. ಆ ಅಂಕಿಗಳ ಹಿಂದೆ ದುಡಿದವರು ನಮ್ಮ ಅಧ್ಯಯನದಲ್ಲಿಯೂ ಲೆಕ್ಕಕ್ಕೆ ಬಾರದವರಾಗಿ ಉಳಿಯುತ್ತಾರೆ.